ಹಿತ್ತಲಿನ ಮರೆಬೇಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿತ್ತಲಿಗೆ ಮರೆ ಕಟ್ಟಿಕೊಳ್ಳುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಆರಂಭವಾಗುತ್ತವೆ: ಬೇಲಿ ಎಷ್ಟು ಎತ್ತರವಿರಬೇಕು? ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಯಾರ ಕಣ್ಣು ಎಲ್ಲಿಂದ ನಮ್ಮ ಹಿತ್ತಲಿನ ಯಾವ ಜಾಗದ ಮೇಲೆ ಬೀಳುತ್ತಿದೆ ಎಂಬುದು ತಿಳಿಯದೆ ಎತ್ತರವನ್ನು ನಿರ್ಧರಿಸಲು ಬರುವುದಿಲ್ಲ. ಈ ಕಾರಣಕ್ಕಾಗಿ ಮೊದಲ ಪತ್ರಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹಿತ್ತಲಿಗೆ 6 ಅಡಿ ಎತ್ತರದ ಹಲಗೆ ಬೇಲಿಯಿದೆ. ಇತ್ತೀಚೆಗೆ ಪಕ್ಕದ ಮನೆಯವರು ಮಹಡಿ ಕಟ್ಟಿಸಿದ್ದು, ಅದರ ಕಿಟಕಿಯಿಂದ ನಮ್ಮ ಹಿತ್ತಲು ಪೂರ್ತಿಯಾಗಿ ಕಾಣುತ್ತದೆ. ಸಂಜೆ ಹೊತ್ತು ಅಲ್ಲಿ ಕುಳಿತು ಓದುವ ಅಭ್ಯಾಸವಿದ್ದ ನನ್ನ ತಾಯಿ ಈಗ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಬೇಲಿಯನ್ನು 10 ಅಡಿಗೆ ಏರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಏರಿಸಿದರೆ ಮರೆಯಾಗುತ್ತದೆ, ನಿಜ. ಆದರೆ ನಿಮ್ಮ ತಾಯಿಯವರು ಮತ್ತೆ ಹೊರಗೆ ಬಂದು ನೆಮ್ಮದಿಯಾಗಿ ಕುಳಿತುಕೊಳ್ಳುವುದಕ್ಕೆ 10 ಅಡಿಯ ಬೇಲಿ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡೋಣ. ಕಿಟಕಿಯಲ್ಲಿ ನಿಂತವರ ಕಣ್ಣು ನೆಲದಿಂದ 15 ಅಡಿ ಎತ್ತರದಲ್ಲಿದೆ, ಕಿಟಕಿಗೂ ಬೇಲಿಗೂ 20 ಅಡಿ ಅಂತರವಿದೆ, ತಾಯಿಯವರ ಕುರ್ಚಿ ಬೇಲಿಯಿಂದ ಈಚೆಗೆ 12 ಅಡಿ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಕುರ್ಚಿಯಲ್ಲಿ ಕುಳಿತವರ ನೆತ್ತಿ ನೆಲದಿಂದ ಸುಮಾರು ನಾಲ್ಕೂವರೆ ಅಡಿ ಮೇಲಿರುತ್ತದೆ. ಆ ಕಣ್ಣಿನಿಂದ ಈ ನೆತ್ತಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದಂತೆ ಭಾವಿಸಿದರೆ, ಆ ದಾರ 32 ಅಡಿ ದೂರದಲ್ಲಿ ಹತ್ತೂವರೆ ಅಡಿ ಇಳಿಯುತ್ತದೆ, ಮತ್ತು ಬೇಲಿಯ ನೇರಕ್ಕೆ ಬಂದಾಗ ಅದರ ಎತ್ತರ ಸುಮಾರು 8 ಅಡಿ 5 ಅಂಗುಲವಿರುತ್ತದೆ. ಬೇಲಿ ಅಷ್ಟು ಎತ್ತರವಿದ್ದರೆ ಮಾತ್ರ ಅಲ್ಲಿ ಕುಳಿತವರು ಕಾಣಿಸುವುದಿಲ್ಲ.

ಈಗ ಬೇಲಿಯನ್ನು ಹಾಗೆಯೇ ಬಿಟ್ಟು ಕುರ್ಚಿಯನ್ನು ಮಾತ್ರ ಸರಿಸಿ ನೋಡಿ. ಬೇಲಿಯಿಂದ 3 ಅಡಿ ದೂರಕ್ಕೆ ಕುರ್ಚಿಯನ್ನು ತಂದರೆ ಅದೇ ದಾರ ಬೇಲಿಯನ್ನು ದಾಟುವ ಎತ್ತರ 6 ಅಡಿಗಿಂತ ತುಸು ಕೆಳಗಿಳಿಯುತ್ತದೆ. ಅಂದರೆ ಈಗಿರುವ ಬೇಲಿಯೇ ಸಾಕಾಗುತ್ತದೆ. ಮೇಲಿನಿಂದ ಬೀಳುವ ನೋಟಕ್ಕೆ ಬೇಲಿಯ ಬುಡದಲ್ಲಿರುವ ಜಾಗವೇ ಹೆಚ್ಚು ಮರೆಯಾದ ಜಾಗ. ನಾವಾದರೋ ನೋಡುವವರಿಂದ ದೂರವಿರಬೇಕೆಂದು ಹಿತ್ತಲಿನ ನಡುವಿಗೆ ಬಂದು ಕುಳಿತುಕೊಳ್ಳುತ್ತೇವೆ.

ಕುರ್ಚಿಯನ್ನು ಸರಿಸಲು ಆಗದಿದ್ದರೆ, ಉದಾಹರಣೆಗೆ ಆಕೆ ಕುಳಿತುಕೊಳ್ಳುವುದು ಮರದ ನೆರಳಿನಲ್ಲೋ ಹಿಂಬಾಗಿಲ ಕಟ್ಟೆಯ ಮೇಲೋ ಆಗಿದ್ದರೆ, ಮರೆಯನ್ನೇ ಕುರ್ಚಿಯ ಹತ್ತಿರಕ್ಕೆ ತನ್ನಿ. ಮೊದಲಿದ್ದ ಜಾಗದಲ್ಲೇ, ಕುರ್ಚಿಯಿಂದ 3 ಅಡಿ ಮುಂದಕ್ಕೆ, ಕಿಟಕಿಯ ದಿಕ್ಕಿಗೆ ಅಡ್ಡವಾಗಿ ಒಂದು ತಟ್ಟಿಯನ್ನು ನಿಲ್ಲಿಸುವುದಾದರೆ ಅದು ಐದೂವರೆ ಅಡಿ ಎತ್ತರವಿದ್ದರೆ ಸಾಕು. ಎಲ್ಲೆಯಲ್ಲಿ ಎಂಟೂವರೆ ಅಡಿಯ ಬೇಲಿ ಮಾಡುವ ಕೆಲಸವನ್ನು ಕುರ್ಚಿಯ ಪಕ್ಕದಲ್ಲಿ ಐದೂವರೆ ಅಡಿಯ ತಟ್ಟಿ ಮಾಡುತ್ತದೆ. ಎರಡು ಕುರ್ಚಿಗಳಿಗೆ 6 ಅಡಿ ಅಗಲದ ತಟ್ಟಿ ಸಾಮಾನ್ಯವಾಗಿ ಸಾಕಾಗುತ್ತದೆ; ಒಂದಕ್ಕಿಂತ ಹೆಚ್ಚು ಕಿಟಕಿಗಳಿದ್ದರೆ ಇನ್ನೊಂದು ಮಡಿಕೆಯನ್ನು ಮೂಲೆಯಾಗಿ ಸೇರಿಸಬೇಕಾಗುತ್ತದೆ. ತಲೆಯ ಮೇಲೊಂದು ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದರೆ ಎಷ್ಟೇ ಎತ್ತರದ ಮಹಡಿಯಿಂದಲೂ ಅಲ್ಲಿ ಕುಳಿತವರು ಕಾಣುವುದಿಲ್ಲ.

ಲೆಕ್ಕದ ಮೇಲೆ ನಂಬಿಕೆ ಸಾಲದಿದ್ದರೆ ಕೋಲಿನಿಂದ ಪರೀಕ್ಷಿಸಬಹುದು. ತಾಯಿಯವರು ತಮ್ಮ ಜಾಗದಲ್ಲಿ ಕುಳಿತುಕೊಳ್ಳಲಿ. ನೀವು ಒಂದು ಉದ್ದನೆಯ ಗಳುವಿಗೆ ಅಡ್ಡವಾಗಿ ಬಟ್ಟೆ ಕಟ್ಟಿಕೊಂಡು ಬೇಲಿಯ ಬಳಿ ನಿಂತು ಅದನ್ನು ನಿಧಾನವಾಗಿ ಮೇಲೆತ್ತುತ್ತಾ ಹೋಗಿ. ಬಟ್ಟೆಯ ಮೇಲಂಚು ಕಿಟಕಿಯ ಮೇಲಂಚನ್ನು ಮುಚ್ಚಿತೆಂದು ಅವರು ಹೇಳಿದ ಕ್ಷಣದಲ್ಲಿ ಗಳುವಿನ ಮೇಲೆ ಗುರುತು ಮಾಡಿಕೊಳ್ಳಿ. ಅವರಿಗೆ ಕಿಟಕಿ ಕಾಣದಿದ್ದರೆ ಕಿಟಕಿಗೆ ಅವರ ಕಣ್ಣು ಕಾಣುವುದಿಲ್ಲ. ನೆತ್ತಿಯೂ ಮರೆಯಾಗಲೆಂದು ಅರ್ಧ ಅಡಿ ಸೇರಿಸಿಕೊಳ್ಳಿ. ಅದೇ ಗಳುವನ್ನು ಹಿಡಿದು ಕುರ್ಚಿಯತ್ತ ಹೆಜ್ಜೆ ಹೆಜ್ಜೆಯಾಗಿ ಬಂದರೆ ಗುರುತು ಹೇಗೆ ಕೆಳಗಿಳಿಯುತ್ತದೆಂಬುದು ಕಣ್ಣಿಗೇ ಕಾಣುತ್ತದೆ.

10 ಅಡಿಯ ಬೇಲಿ ಬೇಡವೆನ್ನಲು ಬೇರೆ ಕಾರಣಗಳೂ ಇವೆ. ಅದೇ ಗಾಳಿ ಬೀಸಿದಾಗ 6 ಅಡಿಯ ಬೇಲಿಯ ಬುಡದ ಮೇಲೆ ಬೀಳುವ ಬಾಗಿಸುವ ಶಕ್ತಿಗಿಂತ 10 ಅಡಿಯ ಬೇಲಿಯ ಬುಡದ ಮೇಲೆ ಬೀಳುವುದು ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚು. ಏಕೆಂದರೆ ಗಾಳಿಗೆ ಸಿಗುವ ಹಲಗೆಯ ವಿಸ್ತಾರವೂ ಹೆಚ್ಚುತ್ತದೆ, ಗಾಳಿ ತಳ್ಳುವ ಎತ್ತರವೂ ಹೆಚ್ಚುತ್ತದೆ. ಹಳೆಯ ಕಂಬಗಳಿಗೆ ಮೇಲೆ ತುಂಡು ಸೇರಿಸಿ ಎತ್ತರಿಸುವುದು ಈ ದೃಷ್ಟಿಯಿಂದ ಅಪಾಯಕಾರಿ. ನೆರಳಿನ ವಿಷಯವೂ ಇದೆ: ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿರುವಾಗ 6 ಅಡಿಯ ಬೇಲಿಯ ನೆರಳು 10 ಅಡಿಗೆ ಸ್ವಲ್ಪ ಹೆಚ್ಚಾದರೆ, 10 ಅಡಿಯ ಬೇಲಿಯ ನೆರಳು 17 ಅಡಿ ಮೀರುತ್ತದೆ. ಸಣ್ಣ ಹಿತ್ತಲಿನಲ್ಲಿ ಇದು ಬಿಸಿಲನ್ನೇ ಬಿಟ್ಟುಕೊಟ್ಟಂತೆ. ಇಷ್ಟು ಎತ್ತರದ ಬೇಲಿಗೆ ಎಷ್ಟೋ ಕಡೆ ನಿಯಮಗಳು ಅವಕಾಶ ಕೊಡುವುದಿಲ್ಲ ಎಂಬುದನ್ನೂ ಮರೆಯಬಾರದು.

ಪ್ರಶ್ನೆ: ಹೋದ ವರ್ಷ ಕಟ್ಟಿಸಿದ 6 ಅಡಿಯ ಹಲಗೆ ಬೇಲಿ ಒಂದೇ ರಾತ್ರಿಯ ಗಾಳಿಗೆ ನಾಲ್ಕು ಕಂಬಗಳ ಉದ್ದಕ್ಕೂ ಮಗುಚಿಬಿತ್ತು. ಕಂಬಗಳು ಮುರಿದಿಲ್ಲ, ಕಾಂಕ್ರೀಟ್ ಗಡ್ಡೆಯ ಸಮೇತ ಮೇಲೆದ್ದಿವೆ. ಇನ್ನು ಮುಂದೆ ದಪ್ಪ ಕಂಬಗಳನ್ನು ಹಾಕಿಸಬೇಕೇ?

ಉತ್ತರ: ಬಿದ್ದ ಕಂಬದ ಬುಡವನ್ನು ಗಮನವಿಟ್ಟು ನೋಡಿದ್ದೀರಿ, ಅದರಿಂದ ಉತ್ತರ ಸುಲಭವಾಯಿತು. ಕಂಬ ನೆಲಮಟ್ಟದಲ್ಲಿ ಮುರಿದಿದ್ದರೆ ಅದು ಕೊಳೆತಿದೆ ಎಂದರ್ಥ; ನಡುವೆ ಬಾಗಿದ್ದರೆ ಅಥವಾ ಸೀಳಿದ್ದರೆ ತೆಳುವಾಗಿದೆ ಎಂದರ್ಥ; ಗಡ್ಡೆಯ ಸಮೇತ ಮೇಲೆದ್ದಿದ್ದರೆ ಆಳ ಸಾಲದು ಎಂದರ್ಥ. ನಿಮ್ಮದು ಮೂರನೆಯದು. ಕಂಬವನ್ನು ಎಷ್ಟು ದಪ್ಪ ಮಾಡಿಸಿದರೂ ಗುಂಡಿ ಅಷ್ಟೇ ಆಳವಿದ್ದರೆ ಮುಂದಿನ ಗಾಳಿಗೆ ಇದೇ ಕಥೆ.

ಕಂಬದ ಒಟ್ಟು ಉದ್ದದಲ್ಲಿ ಮೂರರಲ್ಲೊಂದು ಪಾಲು ನೆಲದೊಳಗಿರಬೇಕು ಎಂಬುದು ಹಳೆಯ ಮತ್ತು ನಂಬಬಹುದಾದ ಲೆಕ್ಕ. 6 ಅಡಿ ಮೇಲಿರಬೇಕಾದರೆ 9 ಅಡಿಯ ಕಂಬ ತರಿಸಿ 3 ಅಡಿ ಹೂಳಬೇಕು. ಅನೇಕರು ಉಳಿತಾಯಕ್ಕೆಂದು 8 ಅಡಿಯ ಕಂಬ ತಂದು 2 ಅಡಿ ಹೂಳುತ್ತಾರೆ. ಗಟ್ಟಿ ನೆಲದಲ್ಲಿ, ಗಾಳಿ ಕಡಿಮೆಯಿರುವಲ್ಲಿ ಅದು ನಿಂತೀತು, ಸಡಿಲ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಗುಂಡಿಯ ಅಗಲ ಕಂಬದ ಅಗಲದ ಸುಮಾರು ಮೂರು ಪಟ್ಟು ಇರಲಿ: 4 ಅಂಗುಲದ ಕಂಬಕ್ಕೆ 12 ಅಂಗುಲದ ಗುಂಡಿ. ತಳದಲ್ಲಿ ಅರ್ಧ ಅಡಿ ಜಲ್ಲಿ ಹಾಕಿ, ಕಂಬದ ತುದಿ ಆ ಜಲ್ಲಿಯ ಮೇಲೆಯೇ ಕೂರುವಂತೆ ನಿಲ್ಲಿಸಬೇಕು. ಇದಕ್ಕಾಗಿ ಗುಂಡಿಯನ್ನು ಮೂರೂವರೆ ಅಡಿ ತೋಡಬೇಕಾಗುತ್ತದೆ. ಮರದ ಕಂಬದ ಅಡಿಗೂ ಕಾಂಕ್ರೀಟ್ ಸುರಿದರೆ ಅದು ಬಟ್ಟಲಿನಂತಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಭಾಗದ ಕಾಂಕ್ರೀಟನ್ನು ನೆಲಕ್ಕಿಂತ ತುಸು ಎತ್ತರಿಸಿ, ಕಂಬದಿಂದ ಹೊರಕ್ಕೆ ಇಳಿಜಾರಾಗಿ ಸವರಬೇಕು. ಗುಂಡಿ ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿ ಇರಬಾರದು. ಕೆಳಗೆ ತುಸು ಅಗಲವಾಗಿದ್ದರೆ ಗಡ್ಡೆ ಮೇಲೇಳುವುದಿಲ್ಲ. ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಗುಂಡಿ ಹೆಪ್ಪುಗಟ್ಟುವ ಆಳವನ್ನು ದಾಟಿ ಕೆಳಗಿಳಿಯಬೇಕು, ಇಲ್ಲವಾದರೆ ಹಿಗ್ಗುವ ಮಣ್ಣು ವರ್ಷವರ್ಷವೂ ಕಂಬವನ್ನು ಮೇಲಕ್ಕೆ ನೂಕುತ್ತದೆ.

ಕಂಬಗಳನ್ನು ತೂಕದ ಗುಂಡು ಅಥವಾ ರಸಮಟ್ಟದಿಂದ ಎರಡೂ ಬದಿಗೆ ನೇರ ನೋಡಿ, ಊರುಗೋಲು ಕೊಟ್ಟು, ಕೆಲವು ದಿನ ನೀರುಣಿಸಿದ ಮೇಲೆಯೇ ಹಲಗೆ ಹೊಡೆಯಿರಿ. ಮರುದಿನವೇ ಹಲಗೆ ಹೊಡೆಯುವ ಆತುರದಲ್ಲಿ ಹಸಿ ಕಾಂಕ್ರೀಟಿನೊಳಗೆ ಕಂಬ ಅಲುಗಾಡಿದರೆ, ಆ ಸಡಿಲು ಮತ್ತೆ ಹೋಗುವುದಿಲ್ಲ.

ಇನ್ನು ಗಾಳಿಯ ಕಡೆಗೆ ಬರೋಣ. 8 ಅಡಿಗೊಂದರಂತೆ ಕಂಬ ನಿಲ್ಲಿಸಿ 6 ಅಡಿ ಎತ್ತರಕ್ಕೆ ಹಲಗೆ ಮುಚ್ಚಿದರೆ ಪ್ರತಿಯೊಂದು ಕಂಬವೂ 48 ಚದರ ಅಡಿಯ ಹಾಯಿಯನ್ನು ಹೊತ್ತಂತಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಾಳಿ ಹೆಚ್ಚಿರುವಲ್ಲಿ ಕಂಬಗಳ ಅಂತರವನ್ನು 6 ಅಡಿಗೆ ಇಳಿಸಿ, ಮತ್ತು ಸಾಧ್ಯವಿದ್ದರೆ ಗಾಳಿಗೆ ದಾರಿ ಬಿಡಿ. ಸಂದಿಲ್ಲದ ಬೇಲಿಯನ್ನು ಗಾಳಿ ಹತ್ತಿಳಿದು ಹಿಂದೆ ಸುಳಿಯಾಗಿ ತಿರುಗುತ್ತದೆ. ಅರ್ಧದಷ್ಟು ಸಂದಿರುವ ಬೇಲಿಯ ಹಿಂದೆ ಗಾಳಿ ನಿಧಾನವಾಗುತ್ತದೆ. ಗಿಡಗಳಿಗೂ ಕುಳಿತವರಿಗೂ ಎರಡನೆಯದೇ ಹಿತ.

ಸಂದು ಬಿಟ್ಟರೆ ಮರೆ ಹೇಗೆ ಉಳಿಯುತ್ತದೆ ಎಂದು ನೀವು ಕೇಳಬಹುದು. ಅಡ್ಡಪಟ್ಟಿಯ ಆಚೆಗೊಂದು ಈಚೆಗೊಂದು ಹಲಗೆಯನ್ನು ಹೊಡೆದು, ಈಚಿನ ಹಲಗೆಯ ಅಂಚು ಆಚಿನದನ್ನು ಒಂದು ಅಂಗುಲದಷ್ಟು ಮುಚ್ಚುವಂತೆ ಮಾಡಿದರೆ ನೇರ ನಿಂತವರಿಗೆ ಏನೂ ಕಾಣುವುದಿಲ್ಲ, ಗಾಳಿ ಮಾತ್ರ ಹಲಗೆಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಓರೆಯಾಗಿ ನೋಡಿದವರಿಗೆ ಅಷ್ಟಿಷ್ಟು ಕಾಣಬಹುದು. ಒಂದು ಅಂಗುಲವನ್ನು ಎರಡು ಮಾಡಿದರೆ ಅದೂ ಕಡಿಮೆಯಾಗುತ್ತದೆ. ನೋಟ ಬರುವುದು ಒಂದೇ ದಿಕ್ಕಿನಿಂದ ಎಂಬುದು ಖಚಿತವಾಗಿದ್ದರೆ ನಿಲುವು ಹಲಗೆಗಳನ್ನು ಆ ದಿಕ್ಕಿಗೆ ಬೆನ್ನಾಗಿ ಓರೆಯಾಗಿ ಕೂರಿಸುವ ಕ್ರಮವೂ ಇದೆ, ನನಗೆ ಅದು ಬಹಳ ಮೆಚ್ಚುಗೆಯಾದುದು. ಚೈನ್ ಲಿಂಕ್ ಬೇಲಿಗೆ ಹಸಿರು ನೆರಳು ಬಲೆ ಕಟ್ಟುವವರಿಗೂ ಇಲ್ಲಿಯೇ ಒಂದು ಎಚ್ಚರಿಕೆ: ಆ ಬೇಲಿಯ ಕಂಬಗಳನ್ನು ಗಾಳಿ ಹಾದುಹೋಗುತ್ತದೆಂಬ ಲೆಕ್ಕದಲ್ಲಿ ಹಾಕಿರುತ್ತಾರೆ, ಬಲೆ ಕಟ್ಟಿದ ಮೇಲೆ ಆ ಲೆಕ್ಕ ಉಳಿಯುವುದಿಲ್ಲ.

ಪ್ರಶ್ನೆ: ಹಲಗೆಗಳನ್ನು ಒಂದಕ್ಕೊಂದು ತಾಗಿಸಿ ಸ್ವಲ್ಪವೂ ಸಂದಿಲ್ಲದಂತೆ ಹೊಡೆಸಿದ್ದೆವು. ಆರು ತಿಂಗಳಲ್ಲಿ ಎಲ್ಲೆಡೆ ಸಂದು ಬಿದ್ದಿದೆ, ಮೊಳೆಗಳ ಕೆಳಗೆ ಕಪ್ಪು ಗೆರೆಗಳು ಇಳಿದಿವೆ. ಮರ ಕಳಪೆಯೇ?

ಉತ್ತರ: ಮರ ಒಳ್ಳೆಯದೇ ಇರಬಹುದು, ಅದು ಹಸಿಯಾಗಿತ್ತು ಅಷ್ಟೆ. ನನಗೂ ಇದೇ ಅನುಭವವಾಗಿದೆ. ನಮ್ಮ ಹಿತ್ತಲಿನ ಮೊದಲ ಬೇಲಿಗೆ ಆಗತಾನೇ ಕೊಯ್ದ ಹಲಗೆಗಳನ್ನು ಬಿಗಿಯಾಗಿ ಜೋಡಿಸಿ ಹೊಡೆಸಿದ್ದೆವು. ಬೇಸಗೆ ಬರುತ್ತಿದ್ದಂತೆ ಪ್ರತಿ ಎರಡು ಹಲಗೆಗಳ ನಡುವಿನಿಂದ ಬಿಸಿಲಿನ ಒಂದೊಂದು ಗೆರೆ ನೆಲದ ಮೇಲೆ ಬೀಳತೊಡಗಿತು. ಪೆನ್ಸಿಲೊಂದನ್ನು ಸಂದಿಗೆ ತೂರಿಸಿದರೆ ತಡೆಯಿಲ್ಲದೆ ಆಚೆ ಹೋಯಿತು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಗಲಕ್ಕೆ ಕುಗ್ಗುವುದು ಹೆಚ್ಚು. 6 ಅಂಗುಲದ ಹಸಿ ಹಲಗೆ ಕಾಲು ಅಂಗುಲ ಅಥವಾ ಅದಕ್ಕೂ ತುಸು ಹೆಚ್ಚು ಕಿರಿದಾಗುವುದು ಸಹಜ. ಅದೇ ಹಲಗೆ ಚೆನ್ನಾಗಿ ಒಣಗಿದ್ದು, ನೀವು ಬಿಗಿಯಾಗಿ ಜೋಡಿಸಿದ್ದರೆ ಮಳೆಯಲ್ಲಿ ಹಿಗ್ಗಿ ಉಬ್ಬಿಕೊಳ್ಳುತ್ತಿತ್ತು. ಮರ ಅಲುಗಾಡುವ ವಸ್ತು ಎಂದು ಒಪ್ಪಿಕೊಂಡೇ ವಿನ್ಯಾಸ ಮಾಡಬೇಕು.

ಈಗಿರುವ ಬೇಲಿಯನ್ನು ಕೀಳಬೇಕಾಗಿಲ್ಲ. ಪ್ರತಿ ಸಂದಿನ ಮೇಲೂ ಎರಡು ಅಂಗುಲ ಅಗಲದ ಪಟ್ಟಿಯೊಂದನ್ನು ಹೊಡೆಸಿ. ಆದರೆ ಪಟ್ಟಿಯ ಮೊಳೆ ಒಂದು ಬದಿಯ ಹಲಗೆಗೆ ಮಾತ್ರ ಹೋಗಲಿ. ಎರಡೂ ಹಲಗೆಗಳಿಗೆ ಹೊಡೆದರೆ ಅವು ಎಳೆದಾಡಿ ಪಟ್ಟಿಯನ್ನೇ ಸೀಳುತ್ತವೆ. ಹೊಸದಾಗಿ ಕಟ್ಟಿಸುವವರು ಹಲಗೆಗಳು ಒಂದರ ಮೇಲೊಂದು ಒಂದು ಅಂಗುಲ ಹತ್ತಿಕೊಳ್ಳುವಂತೆ ಮೊದಲೇ ಯೋಜಿಸಲಿ. 6 ಅಡಿಯ ಬೇಲಿಗೆ ಎರಡಲ್ಲ, ಮೂರು ಅಡ್ಡಪಟ್ಟಿ ಹಾಕಿಸಿ; ನಡುವಿನದಿಲ್ಲದಿದ್ದರೆ ಹಲಗೆಗಳು ಸೊಟ್ಟಗಾಗುತ್ತವೆ.

ಕಪ್ಪು ಗೆರೆಗಳಿಗೆ ಕಾರಣ ಮೊಳೆ. ಕೆಲವು ಮರಗಳಲ್ಲಿರುವ ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿದಾಗ ಮಸಿಯ ಬಣ್ಣವಾಗುತ್ತದೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಮೊಳೆ, ತಿರುಪುಗಳನ್ನು ಅಥವಾ ಸ್ಟೇನ್‌ಲೆಸ್ ಸ್ಟೀಲಿನವನ್ನು ಬಳಸಬೇಕಿತ್ತು. ತಾಮ್ರದ ಔಷಧಿ ಊಡಿಸಿದ ಮರಕ್ಕಂತೂ ಸಾಮಾನ್ಯ ಕಬ್ಬಿಣದ ಮೊಳೆ ಹೊಡೆಯಲೇಬಾರದು, ಅದು ಬೇಗ ತುಕ್ಕು ಹಿಡಿದು ಸವೆದುಹೋಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ಹಲಗೆಗಳ ಕೆಳತುದಿ ಮಣ್ಣಿಗೆ ತಾಗುತ್ತಿದೆಯೇ ನೋಡಿ; ಎರಡು ಅಂಗುಲ ಮೇಲಿರಬೇಕು. ಮರದ ಕೊಯ್ದ ತುದಿ ಬತ್ತಿಯಂತೆ ನೀರು ಹೀರುತ್ತದೆ, ಗೆದ್ದಲಿಗೂ ಅದೇ ದಾರಿ. ಕಂಬಗಳು ಕೊಳೆಯುವುದೂ ತೀರ ಆಳದಲ್ಲಲ್ಲ, ನೆಲಮಟ್ಟದ ಆಸುಪಾಸಿನಲ್ಲಿ. ತೇವವೂ ಗಾಳಿಯೂ ಒಟ್ಟಿಗೆ ಸಿಗುವ ಜಾಗ ಅದು. ಯಾವ ಜಾತಿಯ ಮರವಾದರೂ ಅದರ ಬಿಳಿಯ ಹೊರಭಾಗ ಬಾಳುವುದಿಲ್ಲ. ಕಂಬಕ್ಕೆ ಒಳಗಿನ ಗಟ್ಟಿ ಭಾಗವಾದ ಚೇಗನ್ನೇ ಆರಿಸಿ, ಇಲ್ಲವೇ ಕಂಬಗಳನ್ನು ಸತು ಲೇಪಿಸಿದ ಉಕ್ಕಿನದಾಗಿಸಿ ಹಲಗೆಗಳನ್ನು ಮಾತ್ರ ಮರದವಾಗಿಸಿ. ಹಲಗೆ ಹೋದರೆ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ, ಕಂಬ ಹೋದರೆ ಹಾಗಲ್ಲ.

ಪ್ರಶ್ನೆ: ಪಕ್ಕದವರಿಗೂ ನಮಗೂ ನಡುವೆ ಹಳೆಯ ಮುಳ್ಳುತಂತಿಯಿದೆ. ಅದೇ ಸಾಲಿನಲ್ಲಿ ಮರೆಬೇಲಿ ಕಟ್ಟಬಹುದಲ್ಲವೇ?

ಉತ್ತರ: ಹಳೆಯ ತಂತಿ ಎಲ್ಲಿದೆಯೋ ಅಲ್ಲಿಯೇ ಎಲ್ಲೆ ಇದೆ ಎಂದು ತಿಳಿಯಬೇಡಿ. ಹಿಂದೆ ಯಾರೋ ಮರದ ಬುಡವನ್ನೋ ಬಂಡೆಯನ್ನೋ ತಪ್ಪಿಸಲು ಒಂದು ಮೊಳ ಆಚೀಚೆ ಮಾಡಿರಬಹುದು. ಅಳತೆ ಮಾಡಿಸಿ, ಮೂಲೆಕಲ್ಲುಗಳನ್ನು ಗುರುತಿಸಿ, ಇಬ್ಬರೂ ನಿಂತು ಹುರಿ ಎಳೆದು ನೋಡಿದ ಮೇಲೆ ಗುಂಡಿ ತೋಡಿ. ಗಡ್ಡೆ ಕಂಬಕ್ಕಿಂತ ಅಗಲವಿರುವುದರಿಂದ, ಬೇಲಿ ಪೂರ್ತಿಯಾಗಿ ನಿಮ್ಮದೇ ಆಗಿರಬೇಕಾದರೆ ಗುಂಡಿಯ ಅಂಚೂ ಎಲ್ಲೆಯಿಂದ ಈಚೆಗೇ ಇರಬೇಕು. ಎಲ್ಲೆಯ ಮೇಲೆಯೇ ಕಟ್ಟುವುದಾದರೆ ಖರ್ಚು ಯಾರದು, ಮುಂದೆ ದುರಸ್ತಿ ಯಾರದು ಎಂಬುದನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಎತ್ತರದ ಮಿತಿ, ರಸ್ತೆಯ ತಿರುವಿನಲ್ಲಿ ವಾಹನ ಸವಾರರ ನೋಟಕ್ಕೆ ಅಡ್ಡಿಯಾಗದಂತೆ ಬಿಡಬೇಕಾದ ಜಾಗ, ಅನುಮತಿಯ ಅಗತ್ಯ, ಇವು ಊರಿಂದೂರಿಗೆ ಬೇರೆ. ಸ್ಥಳೀಯ ಆಡಳಿತದಲ್ಲಿ ವಿಚಾರಿಸಿ. ನೆಲದಡಿಯ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ ಎಲ್ಲಿ ಹಾದಿವೆ ಎಂದು ತಿಳಿಯದೆ ಹಾರೆ ಎತ್ತಲೇಬೇಡಿ. ಮಳೆಯ ನೀರು ಈವರೆಗೆ ಹರಿಯುತ್ತಿದ್ದ ದಾರಿಗೆ ಬೇಲಿಯ ಬುಡ ಅಣೆಕಟ್ಟಾಗಬಾರದು.

ಬೇಲಿಯ ಅಂದದ ಮುಖವನ್ನು ಆಚೆಗೆ ತಿರುಗಿಸುವುದೇ ಎಷ್ಟೋ ಕಡೆಗಳಲ್ಲಿ ರೂಢಿ. ಎರಡೂ ಕಡೆ ಒಂದೇ ತೆರನಾಗಿ ಕಾಣುವ, ನಾನು ಮೇಲೆ ಹೇಳಿದ ಆಚೆಗೊಂದು ಈಚೆಗೊಂದು ಹಲಗೆಯ ವಿನ್ಯಾಸವಾದರೆ ಈ ಪ್ರಶ್ನೆಯೇ ಬರುವುದಿಲ್ಲ. ಎಲ್ಲಕ್ಕಿಂತ ಮೊದಲು ಪಕ್ಕದವರೊಂದಿಗೆ ಮಾತನಾಡಿ. ಮರೆ ಎಂಬುದು ಅವರ ಮೇಲಿನ ದೂರಲ್ಲ. ಅವರಿಗೂ ಅದು ಅಷ್ಟೇ ಬೇಕಾಗಿರಬಹುದು.

ಪ್ರಶ್ನೆ: ನಮ್ಮ ಹಿತ್ತಲು ಇಳಿಜಾರಾಗಿದೆ. ಬೇಲಿಯ ಮೇಲ್ತುದಿಯನ್ನು ಒಂದೇ ಮಟ್ಟಕ್ಕೆ ತರುವುದು ಹೇಗೆ?

ಉತ್ತರ: ಒಂದೇ ಮಟ್ಟಕ್ಕೆ ತಂದರೆ ತಗ್ಗಿನ ಕಡೆ ಬೇಲಿ ಗೋಡೆಯಂತೆ ಎದ್ದುನಿಲ್ಲುತ್ತದೆ. ಎರಡು ದಾರಿಗಳಿವೆ. ಮೆಟ್ಟಿಲಿನಂತೆ ಒಂದೊಂದು ಅಂಕಣವನ್ನೂ, ಅಂದರೆ ಎರಡು ಕಂಬಗಳ ನಡುವಿನ ಭಾಗವನ್ನು, ಕೆಳಗಿಳಿಸುತ್ತಾ ಹೋಗಬಹುದು. ಆಗ 8 ಅಡಿಗೆ ಒಂದು ಅಡಿ ಇಳಿಯುವ ನೆಲದಲ್ಲಿ ಪ್ರತಿ ಅಂಕಣದ ತಗ್ಗಿನ ತುದಿಯಲ್ಲಿ ಒಂದು ಅಡಿಯ ತ್ರಿಕೋನ ಸಂದು ಉಳಿಯುತ್ತದೆ, ಅದನ್ನು ಕಲ್ಲಿನಿಂದಲೋ ಗಿಡದಿಂದಲೋ ಮುಚ್ಚಬೇಕು. ಇಲ್ಲವೇ ಅಡ್ಡಪಟ್ಟಿಗಳನ್ನು ನೆಲದ ಇಳಿಜಾರಿಗೆ ಸಮಾನವಾಗಿ ಓರೆಯಾಗಿಸಿ, ಹಲಗೆಗಳನ್ನು ಮಾತ್ರ ನೆಟ್ಟಗೆ ಹೊಡೆಯಬಹುದು. ನಾಯಿ ಸಾಕಿದವರಿಗೆ ಇದೇ ಒಳ್ಳೆಯದು. ಯಾವ ಕ್ರಮವಾದರೂ ಕಂಬಗಳು ಇಳಿಜಾರಿಗೆ ವಾಲದೆ ತೂಕದ ಗುಂಡಿಗೆ ನೇರವಾಗಿಯೇ ನಿಲ್ಲಬೇಕು. ಪಕ್ಕದವರ ನೆಲ ನಿಮ್ಮದಕ್ಕಿಂತ ಎರಡು ಅಡಿ ಮೇಲಿದ್ದರೆ ನಿಮ್ಮ 6 ಅಡಿಯ ಬೇಲಿ ಅವರಿಗೆ 4 ಅಡಿಯದಾಗಿ ಕಾಣುತ್ತದೆ ಎಂಬುದನ್ನು ಎತ್ತರ ನಿಶ್ಚಯಿಸುವಾಗಲೇ ನೆನೆಯಿರಿ.

ಪ್ರಶ್ನೆ: ಬೇಲಿ ಚೆನ್ನಾಗಿದೆ, ಆದರೆ ಅದರ 4 ಅಡಿಯ ಬಾಗಿಲು ಜೋತುಬಿದ್ದು ನೆಲ ಕೆರೆಯುತ್ತಿದೆ. ಒಳಗೆ ಓರೆಪಟ್ಟಿಯೂ ಇದೆ.

ಉತ್ತರ: ಓರೆಪಟ್ಟಿ ಯಾವ ಕಡೆಗೆ ಓರೆಯಾಗಿದೆ ಎಂದು ನೋಡಿ. ಮರದ ಓರೆಪಟ್ಟಿ ಬಿಜಾಗರಿ ಇರುವ ಬದಿಯ ಕೆಳಮೂಲೆಯಿಂದ ಹೊರಟು ಚಿಲಕದ ಬದಿಯ ಮೇಲ್ಮೂಲೆಗೆ ಹೋಗಬೇಕು. ಆಗ ಜೋಲುವ ಮೂಲೆಯ ಭಾರ ಪಟ್ಟಿಯ ಮೂಲಕ ಕೆಳಗಿನ ಬಿಜಾಗರಿಗೆ ಇಳಿಯುತ್ತದೆ. ನಿಮ್ಮದು ತಿರುವುಮುರುವಾಗಿರುವ ಸಂಭವವೇ ಹೆಚ್ಚು, ಬಡಗಿಗಳಿಂದಲೂ ಆಗಾಗ ಆಗುವ ತಪ್ಪು ಇದು. ಮರದ ಬದಲು ಬಿಗಿಮಾಡಬಹುದಾದ ತಂತಿ ಹಾಕುವುದಾದರೆ ಮಾತ್ರ ದಿಕ್ಕು ಬದಲಾಗುತ್ತದೆ: ಬಿಜಾಗರಿಯ ಮೇಲ್ಮೂಲೆಯಿಂದ ಚಿಲಕದ ಕೆಳಮೂಲೆಗೆ. ತಂತಿ ಎಳೆದು ಹಿಡಿಯುತ್ತದೆ, ಮರ ಒತ್ತಿ ಹಿಡಿಯುತ್ತದೆ. ಇದನ್ನು ಸರಿಪಡಿಸಿದ ಮೇಲೂ ಬಾಗಿಲು ಜೋತರೆ ಕಂಬವೇ ವಾಲುತ್ತಿದೆ ಎಂದು ತಿಳಿಯಿರಿ. ಬಾಗಿಲಿನ ಕಂಬ ಉಳಿದವುಗಳಿಗಿಂತ ದಪ್ಪವಾಗಿ, ಆಳವಾಗಿ ಇರಬೇಕು. ಬಾಗಿಲು 4 ಅಡಿಗಿಂತ ಅಗಲ ಬೇಕಾದರೆ ಎರಡು ಎಸಳು ಮಾಡಿಸಿ.

ಪ್ರಶ್ನೆ: ಹಿತ್ತಲಿನಾಚೆ ರಸ್ತೆಯಿದೆ. ಮರೆಬೇಲಿ ಕಟ್ಟಿದರೆ ವಾಹನಗಳ ಸದ್ದೂ ಕಡಿಮೆಯಾಗುವುದೇ?

ಉತ್ತರ: ಹಗುರ ಹಲಗೆಯ, ಸಂದುಗಳಿರುವ ಬೇಲಿಯಿಂದ ಹೆಚ್ಚೇನೂ ಆಗದು. ಸದ್ದು ತಡೆಯಲು ಭಾರವೂ ಬೇಕು, ನೆಲದಿಂದ ತುದಿಯವರೆಗೆ ಒಂದು ಬಿರುಕೂ ಇರಬಾರದು, ಸದ್ದಿನ ಮೂಲ ಕಣ್ಣಿಗೆ ಕಾಣದಷ್ಟು ಎತ್ತರವೂ ಇರಬೇಕು. ಅಂದರೆ ಅದು ಇಟ್ಟಿಗೆಯ ಅಥವಾ ಕಾಂಕ್ರೀಟಿನ ಗೋಡೆಯ ಕೆಲಸ. ಗಾಳಿಗೆ ದಾರಿ ಬಿಡಿ ಎಂದು ಮೇಲೆ ಹೇಳಿದ್ದಕ್ಕೆ ಇದು ವಿರುದ್ಧವಾದುದರಿಂದ, ಎರಡರಲ್ಲಿ ನಿಮಗೆ ಯಾವುದು ಮುಖ್ಯವೆಂದು ನೀವೇ ನಿರ್ಧರಿಸಬೇಕಾಗುತ್ತದೆ.

ಪ್ರಶ್ನೆ: ಬೇಲಿಯ ಉದ್ದ 83 ಅಡಿ. 8 ಅಡಿಗೊಂದು ಕಂಬದಂತೆ ಎಷ್ಟು ಕಂಬ ತರಿಸಲಿ?

ಉತ್ತರ: 8 ಅಡಿಯಂತೆ ಹಾಕುತ್ತಾ ಹೋದರೆ ಹತ್ತು ಅಂಕಣಗಳಾಗಿ ಕೊನೆಗೆ 3 ಅಡಿಯ ತುಂಡೊಂದು ಉಳಿದು ಕಣ್ಣಿಗೆ ಚುಚ್ಚುತ್ತದೆ. 83 ಅಡಿಯನ್ನು ಹನ್ನೊಂದು ಸಮ ಅಂಕಣಗಳಾಗಿ ಹಂಚಿ; ಕಂಬದ ನಡುವಿನಿಂದ ನಡುವಿಗೆ 7 ಅಡಿ ಆರೂವರೆ ಅಂಗುಲ ಬರುತ್ತದೆ. ಹನ್ನೊಂದು ಅಂಕಣಗಳಿಗೆ ಕಂಬಗಳು ಹನ್ನೆರಡು, ಹನ್ನೊಂದಲ್ಲ. ನಡುವೆ ಬಾಗಿಲು ಬರುವುದಿದ್ದರೆ ಮೊದಲು ಅದರ ಜಾಗವನ್ನು ಕಳೆದು, ಉಳಿದ ಎರಡು ತುಂಡುಗಳಿಗೆ ಬೇರೆಬೇರೆಯಾಗಿ ಲೆಕ್ಕ ಹಾಕಿ. ಬೇಲಿ ಮೂಲೆ ತಿರುಗುವಲ್ಲಿ ಒಂದು ಹುರಿಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ಗುರುತುಗಳ ನಡುವಿನ ಅಂತರ ಸರಿಯಾಗಿ 5 ಅಡಿ ಬಂದರೆ ಮೂಲೆ ಮಟ್ಟವಾಗಿದೆ.

ಪ್ರಶ್ನೆ: ನನಗೆ ಹಲಗೆ, ಕಾಂಕ್ರೀಟು ಯಾವುದೂ ಇಷ್ಟವಿಲ್ಲ. ಗಿಡಗಳಿಂದಲೇ ಮರೆ ಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು, ಸಮಯ ಮತ್ತು ಜಾಗ ಎರಡನ್ನೂ ಕೊಡಲು ಸಿದ್ಧರಿರಬೇಕು. ಹಲಗೆ ಬೇಲಿಗೆ ಅರ್ಧ ಅಡಿ ಜಾಗ ಸಾಕು, ಹಸಿರು ಬೇಲಿ ಮೂರು ನಾಲ್ಕು ಅಡಿ ಹರಡಿಕೊಳ್ಳುತ್ತದೆ, ಆಳೆತ್ತರಕ್ಕೆ ದಟ್ಟವಾಗಲು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಹಿಡಿಯುತ್ತದೆ. ಎಲೆ ಉದುರಿಸದ ಜಾತಿಯನ್ನೇ ಆರಿಸಿ. ಕತ್ತರಿಸುವಾಗ ಮೇಲೆ ಕಿರಿದಾಗಿ, ಬುಡದಲ್ಲಿ ಅಗಲವಾಗಿ ಇರುವಂತೆ ನೋಡಿಕೊಳ್ಳಿ. ಮೇಲ್ಭಾಗ ಛತ್ರಿಯಂತೆ ಹರಡಿಕೊಂಡರೆ ಕೆಳಗೆ ಬಿಸಿಲು ಸಿಗದೆ ಎಲೆಯುದುರಿ, ಸರಿಯಾಗಿ ಕುಳಿತವರ ಕಣ್ಣಿನ ಮಟ್ಟದಲ್ಲೇ ಬೋಳಾಗುತ್ತದೆ.

ಬಿದಿರನ್ನು ಬಯಸುವವರು ಮೆಳೆಯಾಗಿ ಬೆಳೆಯುವ ಜಾತಿಯನ್ನೇ ಕೇಳಿ ತನ್ನಿ. ನೆಲದಡಿ ಓಡುವ ಬೇರುಗಡ್ಡೆಯ ಜಾತಿ ಎಲ್ಲೆಯನ್ನು ಗೌರವಿಸುವುದಿಲ್ಲ. ಅದನ್ನು ಈಗಾಗಲೇ ನೆಟ್ಟಿದ್ದರೆ ಸುತ್ತಲೂ ಎರಡು ಅಡಿಗೂ ಹೆಚ್ಚು ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಇಳಿಸಿ, ಅದರ ಅಂಚು ನೆಲದಿಂದ ಎರಡು ಅಂಗುಲ ಮೇಲೆ ಕಾಣುವಂತೆ ಬಿಡಬೇಕು. ಅಂಚನ್ನು ದಾಟಲು ಬಂದ ಗಡ್ಡೆ ಆಗ ಕಣ್ಣಿಗೆ ಬೀಳುತ್ತದೆ, ಕತ್ತರಿಸಬಹುದು.

ಗಿಡಗಳು ಬೆಳೆಯುವವರೆಗೆ ಏನು ಮಾಡುವುದೆಂಬ ಚಿಂತೆ ಬೇಡ. ಮೊದಲ ಉತ್ತರದಲ್ಲಿ ಹೇಳಿದ ಕೋಲಿನ ಪರೀಕ್ಷೆ ಮಾಡಿ, ನೀವು ಕುಳಿತುಕೊಳ್ಳುವ ಜಾಗದ ಮುಂದೆ ಒಂದೇ ಒಂದು ತಟ್ಟಿಯನ್ನು ನಿಲ್ಲಿಸಿಕೊಳ್ಳಿ. ಅದರ ಎರಡು ಕಂಬಗಳನ್ನು ಕಾಂಕ್ರೀಟಿಲ್ಲದೆ ಮಣ್ಣು ಗಟ್ಟಿಸಿ ನೆಟ್ಟರೆ, ಗಿಡಗಳು ಎತ್ತರಕ್ಕೆ ಬಂದ ವರ್ಷ ಕಿತ್ತು ತೆಗೆಯಬಹುದು.